ಮೊದಲು ಎಣ್ಣೆ ಹರಿಯಲಿ, ಆಮೇಲೆ ಸೋಸೋಣ

“ಆಯಿಲ್ ಹಾಕ್ಸಿ ಇನ್ನೂ ಎಂಟು ದಿನ ಆಗಿಲ್ಲ, ಆಗ್ಲೇ ಮಸಿ ಆಗೈತೆ. ಫಿಲ್ಟರ್ ಡೂಪ್ಲಿಕೇಟ್ ಇರಬೇಕು ನೋಡಣ್ಣ.”

ಭದ್ರಾ ನಾಲೆಗೆ ನೀರು ಬಿಟ್ಟು ಹೊಳೆಹೊನ್ನೂರಿನ ಸುತ್ತಲ ಗದ್ದೆಗಳಲ್ಲಿ ಕೆಸರು ಹೊಡೆಯುವ ಕಾಲ ಬಂತೆಂದರೆ ಟ್ರ್ಯಾಕ್ಟರ್ ಗ್ಯಾರೇಜುಗಳಲ್ಲಿ ಕೇಳಿಬರುವ ದೂರು ಇದು. ಡಿಪ್‌ಸ್ಟಿಕ್ ಹೊರಗೆಳೆದು, ಬಟ್ಟೆಗೆ ಒರೆಸಿ, ಕಪ್ಪು ಕಲೆ ತೋರಿಸಿ, ಫಿಲ್ಟರ್ ಕೊಟ್ಟ ಅಂಗಡಿಯವನನ್ನು ಬೈಯುವುದು ವಾಡಿಕೆ. ಅಂಗಡಿಯವನು ಬೇರೆ ಕಾರಣಕ್ಕೆ ಬೈಸಿಕೊಳ್ಳಲು ಅರ್ಹನಿರಬಹುದು, ಈ ಕಾರಣಕ್ಕಂತೂ ಅಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಕಪ್ಪಾಗುವುದು ಮಸಿಯಿಂದ. ಡೀಸೆಲ್ ಉರಿದಾಗ ಹುಟ್ಟುವ ಮಸಿಯ ಮೂಲ ಕಣ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಇಷ್ಟು ಸಣ್ಣ ಮಸಿಯನ್ನು ಹಿಡಿಯುವ ಕಾಗದವನ್ನು ಎಂಜಿನ್ನಿಗೆ ಕಟ್ಟಿದರೆ ಎಣ್ಣೆ ಹರಿಯುವುದೇ ನಿಂತೀತು. ಅದಕ್ಕೇ ಮಸಿಯ ಕೆಲಸವನ್ನು ಎಣ್ಣೆಗೆ ವಹಿಸಿದ್ದಾರೆ. ಎಣ್ಣೆಯಲ್ಲಿ ಬೆರೆಸಿರುವ ರಾಸಾಯನಿಕಗಳು ಮಸಿಯ ಒಂದೊಂದು ಕಣವನ್ನೂ ಸುತ್ತುವರಿದು, ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ತೇಲಿಸಿ ಇಟ್ಟುಕೊಳ್ಳುತ್ತವೆ. ಎಣ್ಣೆ ಬೇಗ ಕಪ್ಪಾದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಹಾಗಾದರೆ ಫಿಲ್ಟರ್ ಹಿಡಿಯುವುದು ಏನನ್ನು? ಮುಖ್ಯವಾಗಿ ಮಣ್ಣಿನ ದೂಳು ಮತ್ತು ಲೋಹದ ಪುಡಿ. ದೂಳು ಬರುವುದು ಗಾಳಿಯಿಂದ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಟ್ರ್ಯಾಕ್ಟರಿನ ಎಂಜಿನ್ 2.7 ಲೀಟರಿನ ಆಸುಪಾಸಿನದು ಎಂದುಕೊಳ್ಳಿ. ಅದು ನಿಮಿಷಕ್ಕೆ 2000 ಸುತ್ತು ತಿರುಗುವಾಗ ನಿಮಿಷವೊಂದಕ್ಕೆ ಎರಡು ಸಾವಿರ ಲೀಟರಿಗೂ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಗಂಟೆಗೆ ಒಂದು ಲಕ್ಷ ಲೀಟರ್ ದಾಟುತ್ತದೆ. ಕೆಸರು ಗದ್ದೆಯಲ್ಲಿ ಆ ಗಾಳಿ ಒದ್ದೆಯಾಗಿ, ಶುದ್ಧವಾಗಿ ಇರುತ್ತದೆ. ಅದೇ ಟ್ರ್ಯಾಕ್ಟರ್ ಸುಗ್ಗಿಯಲ್ಲಿ ಒಣಗದ್ದೆಗೆ ಇಳಿದಾಗ, ಒಕ್ಕಣೆ ಯಂತ್ರದ ಪಕ್ಕ ನಿಂತಾಗ, ಕಬ್ಬಿನ ಲೋಡು ಹೊತ್ತು ಮಣ್ಣುದಾರಿಯಲ್ಲಿ ಮುಂದಿನ ಗಾಡಿಯ ದೂಳು ಕುಡಿಯುತ್ತಾ ಹೋದಾಗ ಕಥೆ ಬೇರೆ. ಮಣ್ಣಿನ ದೂಳಿನಲ್ಲಿರುವ ಬೆಣಚು ಸಾಧಾರಣ ಉಕ್ಕಿಗಿಂತ ಗಟ್ಟಿ. ಭತ್ತದ ಹೊಟ್ಟಿನಲ್ಲೂ ಸಿಲಿಕಾ ಧಾರಾಳ. ಹೊಟ್ಟನ್ನು ಸುಟ್ಟರೆ ಉಳಿಯುವ ಬೂದಿ ಬಹುಪಾಲು ಸಿಲಿಕಾವೇ. ಏರ್ ಕ್ಲೀನರಿನಿಂದ ತಪ್ಪಿಸಿಕೊಂಡ ದೂಳು ಸಿಲಿಂಡರ್ ಗೋಡೆಯ ಎಣ್ಣೆಗೆ ಅಂಟಿ, ರಿಂಗುಗಳ ಮೂಲಕ ಕೆಳಗಿಳಿದು, ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಸಂಪನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದು ಎಣ್ಣೆಯ ಜೊತೆ ಬೇರಿಂಗಿಗೆ ಹೋಗುವ ಪ್ರಯಾಣಿಕ. ಏರ್ ಕ್ಲೀನರ್ ತೊಳೆಯದವರು ಎಷ್ಟು ದುಬಾರಿ ಆಯಿಲ್ ಫಿಲ್ಟರ್ ಹಾಕಿಸಿದರೂ ಲಾಭ ಕಡಿಮೆ.

ಬೇರಿಂಗಿನಲ್ಲಿ ಕ್ರ್ಯಾಂಕ್ ತಿರುಗುವುದು ಲೋಹದ ಮೇಲಲ್ಲ, ಎಣ್ಣೆಯ ತೆಳು ಪದರದ ಮೇಲೆ. ಭಾರ ಬಿದ್ದಾಗ ಆ ಪದರ ಕೆಲವೇ ಮೈಕ್ರಾನಿಗೆ ಇಳಿಯುತ್ತದೆ. ಪದರಕ್ಕಿಂತ ತೀರಾ ಸಣ್ಣ ಕಣ ತೂರಿಕೊಂಡು ಹೋಗಿಬಿಡುತ್ತದೆ. ತೀರಾ ದೊಡ್ಡದು ಸಂದಿಗೆ ನುಗ್ಗಲಾರದು. ಅಪಾಯ ಇರುವುದು ಸಂದಿಯಷ್ಟೇ ಗಾತ್ರದ ಕಣದಿಂದ. ಅದು ಎರಡೂ ಕಡೆ ತಾಗಿ ಉಜ್ಜುತ್ತದೆ. ಸುಮಾರಾಗಿ 2ರಿಂದ 20 ಮೈಕ್ರಾನಿನವರೆಗಿನ ಈ ಕಣಗಳು ಬರಿಗಣ್ಣಿಗೆ ಕಾಣುವುದಿಲ್ಲ. ಬೆರಳ ನಡುವೆ ಎಣ್ಣೆ ಉಜ್ಜಿ “ತರಿ ಇಲ್ಲ, ಚೆನ್ನಾಗೈತೆ” ಎಂದು ತೀರ್ಪು ಕೊಡುವ ಹಿರಿಯ ಮೇಸ್ತ್ರಿಗಳ ಕೈಗೂ ಅವು ಸಿಗುವುದಿಲ್ಲ.

ಮೊದಮೊದಲ ಕಾರುಗಳಲ್ಲಿ ಫಿಲ್ಟರೇ ಇರಲಿಲ್ಲ. ಪಂಪಿನ ಬಾಯಿಗೆ ಒಂದು ತಂತಿಬಲೆ ಕಟ್ಟಿದ್ದರೆ ಅದೇ ದೊಡ್ಡದು. ಎಣ್ಣೆಯನ್ನು ಆಗಾಗ ಚೆಲ್ಲಿ ಹೊಸದು ಹಾಕುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ ‘ಪ್ಯೂರೊಲೇಟರ್’ ಎಂಬ ಎಣ್ಣೆ ಸೋಸುಕಕ್ಕೆ ಪೇಟೆಂಟ್ ಪಡೆದದ್ದು 1923ರಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದಿಲಿನ ಕುಲುಮೆ ಉರಿಯತೊಡಗಿದ್ದೂ ಅದೇ 1923. ಎರಡಕ್ಕೂ ಸಂಬಂಧವೇನಿಲ್ಲ, ಆದರೂ ಈ ಊರಿನವರಿಗೆ ಇಸವಿ ನೆನಪಿಡಲು ಅನುಕೂಲ.

ಆ ಕಾಲದ ಫಿಲ್ಟರುಗಳಿಗೆ ಪಂಪು ತಳ್ಳಿದ ಎಣ್ಣೆಯ ಸಣ್ಣ ಪಾಲೊಂದು ಮಾತ್ರ ಹೋಗುತ್ತಿತ್ತು. ಉಳಿದದ್ದು ಸೋಸದೆಯೇ ನೇರ ಬೇರಿಂಗಿಗೆ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೂ ಎಂಜಿನ್ನಿಗೆ ತೊಂದರೆ ಇಲ್ಲ. ಎಣ್ಣೆ ಕೊಳಕಾಗುತ್ತದೆ ಅಷ್ಟೆ. ಎರಡನೇ ಮಹಾಯುದ್ಧದ ಆಸುಪಾಸಿನಿಂದ ಎಲ್ಲ ಎಣ್ಣೆಯನ್ನೂ ಫಿಲ್ಟರಿನ ಮೂಲಕವೇ ಬೇರಿಂಗಿಗೆ ಕಳಿಸುವ ಪದ್ಧತಿ ನೆಲೆಯೂರಿತು. ಅಮೆರಿಕದ ವಿಕ್ಸ್ ಕಂಪನಿ 1954ರಲ್ಲಿ ತಂದ, ತಿರುಗಿಸಿ ಬಿಗಿಯುವ ತಗಡಿನ ಡಬ್ಬಿ ಇವತ್ತು ನಾವು ಫಿಲ್ಟರ್ ಎಂದು ಕರೆಯುವ ರೂಪ. ಎಲ್ಲ ಎಣ್ಣೆಯೂ ಒಂದೇ ಬಾಗಿಲಿನಲ್ಲಿ ಹೋಗಬೇಕು ಎಂದಾದ ದಿನದಿಂದ ವಿನ್ಯಾಸಕಾರನ ಚಿಂತೆ ಬದಲಾಯಿತು. ಆ ಬಾಗಿಲು ಮುಚ್ಚಿದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಚ್ಚಿಕೊಳ್ಳುತ್ತದೆ. ಕೊಳಕು ಎಣ್ಣೆಯಲ್ಲಿ ಎಂಜಿನ್ ಕೆಲವು ಕಾಲ ಓಡೀತು. ಎಣ್ಣೆಯೇ ಇಲ್ಲದೆ ಒಂದು ಎಕರೆ ಉಳುವುದೂ ಕಷ್ಟ. ಆಯಿಲ್ ಫಿಲ್ಟರಿನ ಒಳಗಿರುವ ಪ್ರತಿಯೊಂದು ಬಿಡಿಭಾಗಕ್ಕೂ ಕಾರಣ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಈ ಒಂದೇ ಭಯ.

ಬೈಪಾಸ್ ವಾಲ್ವ್ ಹುಟ್ಟಿದ್ದು ಆ ಭಯದಿಂದಲೇ. ಕೆರೆಗೆ ಕೋಡಿ ಇದ್ದ ಹಾಗೆ ಇದು. ಫಿಲ್ಟರ್ ಕಾಗದದ ಹೊರಗಿನ ಒತ್ತಡ ಒಳಗಿನದಕ್ಕಿಂತ ಒಂದು ಮಿತಿ ಮೀರಿ ಏರಿದರೆ ಸ್ಪ್ರಿಂಗ್ ಅದುಮಿ ಹಿಡಿದ ಸಣ್ಣ ಬಿಲ್ಲೆ ಸರಿದು ದಾರಿ ಬಿಡುತ್ತದೆ. ಎಣ್ಣೆ ಕಾಗದವನ್ನು ಬಳಸಿಕೊಂಡು, ಸೋಸದೆಯೇ, ಬೇರಿಂಗ್ ಸೇರುತ್ತದೆ. ಈ ಮಿತಿ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಸಾಮಾನ್ಯವಾಗಿ ಅರ್ಧ ಬಾರ್‌ನಿಂದ ಒಂದೂವರೆ ಬಾರ್‌ವರೆಗೆ. ಸ್ಪ್ರಿಂಗ್ ಸಡಿಲವಾಗಿದ್ದರೆ ವಾಲ್ವ್ ಸುಮ್ಮಸುಮ್ಮನೆ ತೆರೆದು ಸೋಸದ ಎಣ್ಣೆ ಹರಿಯುತ್ತಲೇ ಇರುತ್ತದೆ. ತೀರಾ ಬಿಗಿಯಾಗಿದ್ದರೆ ತೆರೆಯುವ ಮೊದಲೇ ಕಾಗದ ಹರಿದುಹೋಗಬಹುದು. ಹೊರಗಿನಿಂದ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಚೆನ್ನಾಗಿ ಪೇಂಟ್ ಹೊಡೆದ ಎರಡು ಡಬ್ಬಿಗಳಲ್ಲಿ ಒಂದರ ಸ್ಪ್ರಿಂಗ್ ಅಳತೆಯದು, ಇನ್ನೊಂದರದು ಕೈಗೆ ಸಿಕ್ಕಿದ್ದು.

ಈ ವಾಲ್ವನ್ನು ಎಲ್ಲಿ ಕೂರಿಸಬೇಕೆಂಬುದರಲ್ಲೂ ಲೆಕ್ಕವಿದೆ. ಡಬ್ಬಿಯ ತಳದಲ್ಲಿ, ಅಂದರೆ ತಿರುಗಿಸಿ ಬಿಗಿಯುವ ಮರೆಗೆ (ಥ್ರೆಡ್‌ಗೆ) ಎದುರಿನ ತುದಿಯಲ್ಲಿ ಇಟ್ಟರೆ ಮಾಡುವುದು ಸುಲಭ, ಖರ್ಚೂ ಕಡಿಮೆ. ಆದರೆ ಬೈಪಾಸ್ ಆಗುವ ಎಣ್ಣೆ ಇಡೀ ಕಾಗದದ ಮೈಗೆ ಸವರಿಕೊಂಡು ಹೋಗುವಾಗ, ಹಿಡಿದಿಟ್ಟ ಕೊಳೆಯಲ್ಲಿ ಸ್ವಲ್ಪವನ್ನು ಎಬ್ಬಿಸಿಕೊಂಡೇ ಹೋಗಬಹುದು. ಮರೆ ಇರುವ ತುದಿಯಲ್ಲೇ ಇಟ್ಟರೆ ಎಣ್ಣೆ ಒಳಬಂದ ಕೂಡಲೇ ತಿರುಗಿಕೊಳ್ಳುತ್ತದೆ, ಕೊಳೆ ತನ್ನ ಪಾಡಿಗಿರುತ್ತದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಬೈಪಾಸ್ ವಾಲ್ವ್ ಎಂಜಿನ್ ಬ್ಲಾಕಿನಲ್ಲೇ ಇರುತ್ತದೆ; ಅವುಗಳ ಫಿಲ್ಟರಿನಲ್ಲಿ ವಾಲ್ವ್ ಇರುವುದೇ ಇಲ್ಲ. “ಮರೆ ಕೂತ್ಕೊಳ್ತದೆ, ಹಾಕ್ಬಿಡು” ಎನ್ನುವ ಮಾತು ಅಪಾಯವಾಗುವುದು ಇಲ್ಲಿಯೇ. ಬ್ಲಾಕಿನಲ್ಲಿ ವಾಲ್ವ್ ಇಲ್ಲದ ಎಂಜಿನ್ನಿಗೆ ವಾಲ್ವ್ ಇಲ್ಲದ ಫಿಲ್ಟರನ್ನು ಬಿಗಿದರೆ ಕೋಡಿಯೇ ಇಲ್ಲದ ಕೆರೆ ಕಟ್ಟಿದಂತಾಯಿತು. ಮರೆ, ರಬ್ಬರ್ ರಿಂಗಿನ ಅಳತೆ, ಡಬ್ಬಿಯ ಎತ್ತರ ಎಲ್ಲ ಒಂದೇ ಇದ್ದರೂ ಫಿಲ್ಟರ್ ಬೇರೆಯದೇ ಆಗಿರಬಹುದು. ಕೈಪಿಡಿಯಲ್ಲಿರುವ ಪಾರ್ಟ್ ನಂಬರ್ ನೋಡಿ ಕೊಳ್ಳುವುದಕ್ಕಿಂತ ಸುಲಭದ ಉಪಾಯ ಇಲ್ಲ.

ಕಾಗದ ಕಟ್ಟಿಕೊಂಡಾಗ ಮಾತ್ರ ಬೈಪಾಸ್ ತೆರೆಯುತ್ತದೆ ಎಂದುಕೊಳ್ಳಬೇಡಿ. ಚಳಿಗಾಲದ ಬೆಳಗ್ಗೆ ಹೊಚ್ಚಹೊಸ ಫಿಲ್ಟರಿನಲ್ಲೂ ಅದು ಕ್ಷಣಕಾಲ ತೆರೆಯಬಹುದು. 15ಡಬ್ಲ್ಯು-40 ದರ್ಜೆಯ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 14–15 ಸೆಂಟಿಸ್ಟೋಕ್ ಇದ್ದರೆ 40 ಡಿಗ್ರಿಯಲ್ಲಿ ನೂರನ್ನು ದಾಟುತ್ತದೆ. ಮಾರ್ಗಶಿರದ ಮುಂಜಾನೆ ಇನ್ನೂ ಹೆಚ್ಚು. ಫ್ರಾನ್ಸಿನ ಡಿಜೋನ್ ನಗರದ ನೀರು ಸರಬರಾಜು ನೋಡಿಕೊಂಡಿದ್ದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನಲ್ಲಿ ನೀರು ಇಳಿಯುವ ಪ್ರಯೋಗಗಳಿಂದ ಕಂಡುಕೊಂಡ ನಿಯಮವನ್ನು 1856ರಲ್ಲಿ ಪ್ರಕಟಿಸಿದ. ಫಿಲ್ಟರ್ ಕಾಗದಕ್ಕೂ ಅದೇ ನಿಯಮ. ಒತ್ತಡ ಮತ್ತು ಹರವು ಹೆಚ್ಚಿದಷ್ಟೂ ಹರಿವು ಹೆಚ್ಚು. ದ್ರವದ ಸ್ನಿಗ್ಧತೆ ಮತ್ತು ಪದರದ ದಪ್ಪ ಹೆಚ್ಚಿದಷ್ಟೂ ಹರಿವು ಕಡಿಮೆ. 40 ಡಿಗ್ರಿಯ ಎಣ್ಣೆಯನ್ನು ಅದೇ ಕಾಗದದ ಮೂಲಕ ಅಷ್ಟೇ ವೇಗದಲ್ಲಿ ದೂಡಲೂ ಬಿಸಿ ಎಣ್ಣೆಗಿಂತ ಏಳೆಂಟು ಪಟ್ಟು ಒತ್ತಡ ಬೇಕು. ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಎಳೆಯಬೇಡಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಡಾರ್ಸಿಯ ನಿಯಮದಲ್ಲಿ ವಿನ್ಯಾಸಕಾರನ ಕೈಯಲ್ಲಿರುವುದು ಮುಖ್ಯವಾಗಿ ಹರವು. ಹಿಡಿಯಷ್ಟು ಡಬ್ಬಿಯಲ್ಲಿ ಹೆಚ್ಚು ಹರವಿನ ಕಾಗದ ತುಂಬಬೇಕೆಂದರೆ ಮಡಿಕೆ ಹಾಕಬೇಕು. ಏಳು ಸೆಂಟಿಮೀಟರ್ ವ್ಯಾಸದ, ಎಂಟು ಸೆಂಟಿಮೀಟರ್ ಎತ್ತರದ ಉರುಳೆಗೆ ಕಾಗದವನ್ನು ಸುಮ್ಮನೆ ಸುತ್ತಿದರೆ ಸಿಗುವ ಹರವು ಸುಮಾರು 176 ಚದರ ಸೆಂಟಿಮೀಟರ್. ಅದೇ ಜಾಗದಲ್ಲಿ ಒಂದೂವರೆ ಸೆಂಟಿಮೀಟರ್ ಆಳದ 60 ಮಡಿಕೆ ಹಾಕಿದರೆ 1440, ಎಂಟು ಪಟ್ಟು. ಹಾಗೆಂದು ಮಡಿಕೆಯ ಸಂಖ್ಯೆ ಏರಿಸುತ್ತಲೇ ಹೋಗುವಂತಿಲ್ಲ. ಪಕ್ಕಪಕ್ಕದ ಮಡಿಕೆಗಳು ಒಂದಕ್ಕೊಂದು ಒತ್ತಿಕೊಂಡರೆ ಸಂದಿಗೆ ಎಣ್ಣೆ ಹೋಗುವುದಿಲ್ಲ, ಕಾಗದ ದಂಡ. ಒಳ್ಳೆಯ ಫಿಲ್ಟರುಗಳ ಕಾಗದದ ಮೇಲೆ ಸಣ್ಣ ಉಬ್ಬುಗೆರೆಗಳನ್ನು ಒತ್ತಿರುತ್ತಾರೆ, ಮಡಿಕೆಗಳು ಅಂತರ ಕಾಯ್ದುಕೊಳ್ಳಲಿ ಎಂದು. ಎಣ್ಣೆ ಹೊರಗಿನಿಂದ ಒಳಗೆ ಹರಿಯುವುದರಿಂದ ಕಾಗದ ನಡುವಿಗೆ ಕುಸಿಯದಂತೆ ತೂತು ಹೊಡೆದ ಲೋಹದ ಕೊಳವೆಯೊಂದು ಮಧ್ಯೆ ಆಧಾರವಾಗಿ ನಿಂತಿರುತ್ತದೆ.

ಭದ್ರಾವತಿಯವರಿಗೆ ಕಾಗದ ಹೊಸದಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಈ ಭಾಗದ ಬಾಯಲ್ಲಿ ಎಂಪಿಎಂ, ಕಬ್ಬಿನ ಸಿಪ್ಪೆಯನ್ನೂ ಬಳಸಿ ಬರೆಯುವ ಕಾಗದ ಮಾಡಿತು, ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಒದಗಿಸಿತು. ಆ ಕಾಗದಕ್ಕೆ ಬೇಕಾದ ಗುಣವೆಂದರೆ ಮಟ್ಟಸ, ನುಣುಪು, ಶಾಯಿ ಹರಡದ ಮೈ. ಉರುಳೆಗಳ ನಡುವೆ ಹಿಂಡಿ ಅದನ್ನು ತೆಳ್ಳಗೆ ಮಾಡುತ್ತಾರೆ. ಫಿಲ್ಟರ್ ಕಾಗದಕ್ಕೆ ಬೇಕಾದದ್ದು ಇದರ ವಿರುದ್ಧದ ಗುಣ. ನಾರುಗಳ ನಡುವೆ ಜಾಗ ಇರಬೇಕು, ಮೈ ಒರಟಾಗಿ, ಪದರ ದಪ್ಪವಾಗಿ ಇರಬೇಕು. ಪತ್ರಿಕೆಯ ಹಾಳೆಗಿಂತ ಹಲವು ಪಟ್ಟು ದಪ್ಪ. ಮೇಲ್ಮೈಯಲ್ಲಷ್ಟೇ ಹಿಡಿದರೆ ಕಾಗದ ಬೇಗ ಕಟ್ಟಿಕೊಳ್ಳುತ್ತದೆ. ದಪ್ಪದ ಉದ್ದಕ್ಕೂ ಅಂಕುಡೊಂಕಾದ ದಾರಿಗಳಿದ್ದರೆ ಕಣಗಳು ಒಳಹೊಕ್ಕು, ಅಲ್ಲಲ್ಲಿ ನಾರಿಗೆ ತಗುಲಿ ಕೂರುತ್ತವೆ. ಹೆಚ್ಚು ಕೊಳೆ ತುಂಬಿದ ಮೇಲೂ ಎಣ್ಣೆಗೆ ದಾರಿ ಉಳಿದಿರುತ್ತದೆ.

ಬಿಸಿ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆದ ಕಾಗದ ಮುದ್ದೆಯಾಗದಿರಲಿ ಎಂದು ಅದಕ್ಕೆ ಫಿನಾಲಿಕ್ ರಾಳ ಕುಡಿಸಿ, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಸರಿಯಾಗಿ ಕಾಯಿಸದ ಕಾಗದಕ್ಕೆ ಎಣ್ಣೆಗಿಂತ ನೀರು ದೊಡ್ಡ ಶತ್ರು. ಎಣ್ಣೆಯಲ್ಲಿ ನೀರೆಲ್ಲಿಂದ ಬಂತು ಎಂದು ಕೇಳಬಹುದು. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಹೊಗೆಯ ಜೊತೆ ಹೋದರೂ ಒಂದಿಷ್ಟು ರಿಂಗುಗಳ ಸಂದಿಯಿಂದ ಕೆಳಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದು ಗಂಟೆಗಟ್ಟಲೆ ಓಡಿದರೆ ಅದು ಆರಿಹೋಗುತ್ತದೆ. ಮಳೆಗಾಲದಲ್ಲಿ ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಹತ್ತು ನಿಮಿಷದ ಓಡಾಟ ಮಾತ್ರ ಆದರೆ ಎಣ್ಣೆಯಲ್ಲೇ ಉಳಿಯುತ್ತದೆ. ಗಂಟೆಗಟ್ಟಲೆ ದುಡಿದ ಟ್ರ್ಯಾಕ್ಟರಿಗಿಂತ ಹೀಗೆ ಚೂರುಚೂರು ಓಡಿದ ಟ್ರ್ಯಾಕ್ಟರಿನ ಫಿಲ್ಟರ್ ಬೇಗ ಕೆಡಬಹುದು ಎಂಬುದನ್ನು ನಂಬಿಸುವುದು ಕಷ್ಟ. ಇತ್ತೀಚೆಗೆ ಗಾಜಿನ ಅತಿ ಸೂಕ್ಷ್ಮ ಎಳೆಗಳನ್ನು, ಕೃತಕ ನಾರುಗಳನ್ನು ಬಳಸಿದ ಫಿಲ್ಟರುಗಳೂ ಬಂದಿವೆ. ಅವಕ್ಕೆ ನೀರಿನ ಹೆದರಿಕೆ ಇಲ್ಲ, ಎಳೆ ತೆಳುವಾದ್ದರಿಂದ ಸೋಸುವುದೂ ಹೆಚ್ಚು, ಹರಿವಿಗೆ ಅಡ್ಡಿಯೂ ಕಡಿಮೆ. ಬೆಲೆ ಮಾತ್ರ ಜಾಸ್ತಿ.

ಡಬ್ಬಿಯ ಮೇಲೆ ‘20 ಮೈಕ್ರಾನ್’ ಎಂದು ಬರೆದಿದ್ದರೆ ಅದರಿಂದ ತಿಳಿಯುವುದು ಅಷ್ಟಕ್ಕಷ್ಟೆ. 20 ಮೈಕ್ರಾನಿನ ಕಣಗಳಲ್ಲಿ ಅರ್ಧವನ್ನು ಹಿಡಿಯುವ ಫಿಲ್ಟರೂ ಹಾಗೆ ಬರೆದುಕೊಳ್ಳಬಹುದು, ನೂರಕ್ಕೆ ತೊಂಬತ್ತೊಂಬತ್ತು ಹಿಡಿಯುವುದೂ ಬರೆದುಕೊಳ್ಳಬಹುದು. ಅದಕ್ಕಾಗಿ ಎಂಜಿನಿಯರುಗಳು ಬೀಟಾ ಎಂಬ ಅನುಪಾತ ಬಳಸುತ್ತಾರೆ. ಫಿಲ್ಟರಿಗೆ ಮುಂಚೆ ಒಂದು ಗಾತ್ರದ ಸಾವಿರ ಕಣಗಳಿದ್ದು, ದಾಟಿದ ಮೇಲೆ 50 ಉಳಿದರೆ ಬೀಟಾ 20. ಅಂದರೆ ಶೇ 95 ಹಿಡಿಯಿತು. ಬೀಟಾ 2 ಎಂದರೆ ಅರ್ಧ. ಬೀಟಾ 75 ಎಂದರೆ ಶೇ 98.7ರಷ್ಟು. ಐಎಸ್‌ಒ 4548ರ 12ನೇ ಭಾಗ ಈ ಪರೀಕ್ಷೆಯ ವಿಧಾನವನ್ನು ಹೇಳುತ್ತದೆ. ಒಳ್ಳೆಯ ತಯಾರಕರು ಎಷ್ಟು ಮೈಕ್ರಾನಿಗೆ ಎಷ್ಟು ಶೇಕಡಾ ಎಂದು ಎರಡನ್ನೂ ಕೊಡುತ್ತಾರೆ.

ಅರ್ಧ ಮಾತ್ರ ಹಿಡಿಯುವ ಫಿಲ್ಟರ್ ಕೆಲಸಕ್ಕೆ ಬಾರದು ಎಂದು ತೀರ್ಮಾನಿಸುವ ಮುನ್ನ ಇನ್ನೊಂದು ಲೆಕ್ಕ ನೋಡಬೇಕು. ಸಂಪಿನಲ್ಲಿರುವ ಆರೇಳು ಲೀಟರ್ ಎಣ್ಣೆ ನಿಮಿಷಕ್ಕೆ ಹಲವು ಸುತ್ತು ಫಿಲ್ಟರಿನ ಮೂಲಕ ಹಾದುಹೋಗುತ್ತದೆ. ಪ್ರತಿ ಸಲ ಅರ್ಧ ಹಿಡಿದರೂ ಐದು ಸುತ್ತಿಗೆ ಉಳಿಯುವುದು ಮೂವತ್ತೆರಡರಲ್ಲಿ ಒಂದು ಪಾಲು. ಹರಿವಿಗೆ ಅಡ್ಡಿಯಾಗದಂತೆ, ಒಂದೇ ಸಲಕ್ಕೆ ಎಲ್ಲವನ್ನೂ ಹಿಡಿಯುವ ಹಟವಿಲ್ಲದೆ, ಮತ್ತೆ ಮತ್ತೆ ಸೋಸುವುದು ಈ ವಿನ್ಯಾಸದ ಜಾಣತನ. ಹಾಗೆಂದು ಸೂಕ್ಷ್ಮವಾಗಿ ಸೋಸುವುದರಿಂದ ಲಾಭವಿಲ್ಲ ಎಂದಲ್ಲ. ಜನರಲ್ ಮೋಟರ್ಸ್ ಕಂಪನಿಯ ಅಧ್ಯಯನವೊಂದು 1988ರಲ್ಲಿ ಪ್ರಕಟವಾಯಿತು. 40 ಮೈಕ್ರಾನಿನ ಫಿಲ್ಟರಿಗೆ ಹೋಲಿಸಿದರೆ 30 ಮೈಕ್ರಾನಿನ ಫಿಲ್ಟರಿನಿಂದ ಎಂಜಿನ್ ಸವೆತ ಶೇ 50ರಷ್ಟು, 15 ಮೈಕ್ರಾನಿನದರಿಂದ ಶೇ 70ರಷ್ಟು ಇಳಿಯಿತು ಎಂಬುದು ಅದರ ಫಲಿತಾಂಶ. ದುಬಾರಿ ಫಿಲ್ಟರ್ ಮಾರುವವರು ಇದನ್ನು ಮಂತ್ರದಂತೆ ಹೇಳುತ್ತಾರೆ. ಆದರೆ ಅಲ್ಲಿ ಎಣ್ಣೆಗೆ ಬೇಕೆಂದೇ ದೂಳು ಬೆರೆಸಿ ಪರೀಕ್ಷೆ ನಡೆದಿತ್ತು. ಹೊಲದ ಎಂಜಿನ್ನಿನಲ್ಲಿ ಅದೇ ಅಂಕಿ ಸಿಗುತ್ತದೆಂದು ನಂಬಬೇಕಿಲ್ಲ.

ಬೈಪಾಸ್ ಅಲ್ಲದೆ ಫಿಲ್ಟರಿನಲ್ಲಿರುವ ಇನ್ನೊಂದು, ರಬ್ಬರಿನ ವಾಲ್ವಿನ ಬಗ್ಗೆ ಎರಡು ಮಾತು. ಎಂಜಿನ್ ನಿಲ್ಲಿಸಿದಾಗ ಫಿಲ್ಟರಿನಲ್ಲಿರುವ ಎಣ್ಣೆ ಹಿಂದಕ್ಕೆ ಸೋರಿ ಸಂಪಿಗೆ ಇಳಿಯದಂತೆ ಅದು ತಡೆಯುತ್ತದೆ. ಅಡ್ಡಲಾಗಿ ಅಥವಾ ತಲೆಕೆಳಗಾಗಿ ಕೂತ ಫಿಲ್ಟರುಗಳಿಗೆ ಇದು ಅತ್ಯಗತ್ಯ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಎಂಜಿನ್ ಕಟಕಟ ಎಂದರೆ, ಆಯಿಲ್ ದೀಪ ಆರಲು ತಡವಾದರೆ ಈ ರಬ್ಬರ್ ಗಡಸಾಗಿರಬಹುದು. ಅಗ್ಗದ ರಬ್ಬರ್ ಬಿಸಿಗೆ ಬೇಗ ಗಡಸಾಗುತ್ತದೆ. ಸಿಲಿಕೋನ್ ಹೆಚ್ಚು ಕಾಲ ಮೆದುವಾಗಿರುತ್ತದೆ.

ಎಲ್ಲ ಎಂಜಿನ್ನಿಗೂ ಕಾಗದವೇ ಬೇಕೆಂದಿಲ್ಲ. ನಮ್ಮ ರಸ್ತೆಗಳಲ್ಲಿ ತುಂಬಿರುವ ಸ್ಪ್ಲೆಂಡರ್ ಬೈಕಿನಲ್ಲಿ ಕಾಗದದ ಫಿಲ್ಟರ್ ಇಲ್ಲ. ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಬಟ್ಟಲೊಂದು ಭಾರದ ಕಣಗಳನ್ನು ಅಂಚಿಗೆ ಎಸೆದು ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೊಂದು ತಂತಿಬಲೆ. ಕಟ್ಟಿಕೊಳ್ಳುವ ಪ್ರಶ್ನೆಯೇ ಇಲ್ಲದ ಸೊಗಸಾದ ಉಪಾಯ ಅದು. ಆ ಬಟ್ಟಲನ್ನು ಬಿಚ್ಚಿ ತೊಳೆಯುವ ತಾಳ್ಮೆ ಎಲ್ಲ ಗ್ಯಾರೇಜಿನಲ್ಲೂ ಇರುವುದಿಲ್ಲ ಎಂಬುದು ಬೇರೆ ಮಾತು.

ಟ್ರ್ಯಾಕ್ಟರ್ ಇಟ್ಟುಕೊಂಡವರು ಮಾಡಬಹುದಾದದ್ದು ಇಷ್ಟು. ಹೊಸ ಎಂಜಿನ್ನಿನಲ್ಲಿ ಲೋಹದ ಪುಡಿ ಹೆಚ್ಚು. ಮೊದಲ 50 ಗಂಟೆಯ ಸರ್ವಿಸ್ ತಪ್ಪಿಸಬೇಡಿ. ಆಮೇಲೆ ಹಲವು ಮಾದರಿಗಳಿಗೆ 250 ಗಂಟೆ ಎಂಬ ಲೆಕ್ಕವಿದೆ. ನಿಮ್ಮ ಕೈಪಿಡಿ ಏನು ಹೇಳುತ್ತದೋ ಅದನ್ನೇ ಹಿಡಿಯಿರಿ, ದೂಳಿನ ಕೆಲಸ ಹೆಚ್ಚಿದ್ದರೆ ಇನ್ನೂ ಬೇಗ. ಕಾಗದದ ಫಿಲ್ಟರನ್ನು ಡೀಸೆಲ್ಲಿನಲ್ಲಿ ತೊಳೆದು ಮತ್ತೆ ಹಾಕುವುದು ಉಳಿತಾಯವಲ್ಲ. ನಾರುಗಳ ಒಳಗೆ ಕೂತ ಕಣ ತೊಳೆದರೆ ಹೋಗುವುದಿಲ್ಲ, ಕಾಗದ ಮಾತ್ರ ಸಡಿಲವಾಗುತ್ತದೆ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೆ ಅಂಟಿಕೊಂಡೇ ಉಳಿದಿದೆಯೇ ನೋಡಿ. ಅದರ ಮೇಲೆ ಹೊಸ ರಿಂಗ್ ಕೂತರೆ ಒತ್ತಡಕ್ಕೆ ಎಣ್ಣೆಯೆಲ್ಲ ಹೊರಕ್ಕೆ ಬಂದೀತು. ಹೊಸ ರಿಂಗಿಗೆ ಬೆರಳಿನಿಂದ ಎಣ್ಣೆ ಸವರಿ, ರಿಂಗ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿಯಿರಿ. ಸ್ಪ್ಯಾನರ್ ಬೇಡ. ಡಬ್ಬಿಯ ಮೇಲೆ ಅವರ್ ಮೀಟರಿನ ಅಂಕಿ ಬರೆದಿಡಿ.

ಬಿಚ್ಚಿದ ಫಿಲ್ಟರನ್ನು ಒಮ್ಮೆ ಗ್ಯಾರೇಜಿನಲ್ಲಿ ಕತ್ತರಿಸಿ ತೋರಿಸಲು ಕೇಳಿ. ಮಡಿಕೆ ಬಿಡಿಸಿ ನೋಡಿದರೆ ಬಿಸಿಲಿಗೆ ಮಿನುಗುವ ಲೋಹದ ಚೂರು ಕಂಡೀತು. ಆಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ, ಅಂಟದಿದ್ದರೆ ಬೇರಿಂಗ್ ಅಥವಾ ಪಿಸ್ಟನ್ನಿನ ಲೋಹ ಇರಬಹುದು. ಕಾಗದದ ಮಡಿಕೆ ಕುಸಿದಿದ್ದರೆ, ಅಂಟು ಬಿಟ್ಟಿದ್ದರೆ ಮುಂದಿನ ಸಲ ಆ ಕಂಪನಿಯ ಫಿಲ್ಟರ್ ಕೊಳ್ಳಬೇಡಿ. ನೋಡಿಯಾದ ಮೇಲೆ ಡಬ್ಬಿಯನ್ನು ಬೋರಲು ಹಾಕಿ ಒಂದು ರಾತ್ರಿ ಸೋರಲು ಬಿಡಿ, ಆ ಎಣ್ಣೆಯನ್ನು ಹಳೇ ಆಯಿಲ್ ಕೊಳ್ಳುವವರಿಗೇ ಕೊಡಿ. ನಾಲೆಗೆ ಚೆಲ್ಲಬೇಡಿ. ಆ ನೀರು ಕೆಳಗಿನವರ ಗದ್ದೆಗೂ, ಕೊನೆಗೆ ಹೊಳೆಗೂ ಹೋಗುತ್ತದೆ.